ಚೀನೀ ವೈದ್ಯರ ಪೆಟ್ಟಿಗೆಯಲ್ಲಿ ನಮ್ಮ ಅಡಿಕೆ

ಅಡಿಕೆಯ ಮೇಲೆ ಆರೋಪ ಬಂದಾಗಲೆಲ್ಲ ನಮ್ಮ ಬೆಳೆಗಾರರ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಚೀನಾ ದೇಶದವರು ಅಡಿಕೆಯನ್ನು ಔಷಧಿಯಾಗಿ ಬಳಸುತ್ತಾರೆ. ಅಷ್ಟು ಹಳೆಯ ವೈದ್ಯಶಾಸ್ತ್ರ ಸುಳ್ಳು ಹೇಳೀತೆ?” ಈಚೆಗೆ ಈ ಮಾತು ಮೊಬೈಲ್ ಸಂದೇಶಗಳಲ್ಲಿಯೂ ಓಡಾಡುತ್ತಿದೆ. ಸಂಘದ ಕಛೇರಿಗೆ ಬರುವ ಸದಸ್ಯರು ಅದನ್ನು ತೋರಿಸಿ, ಇದು ನಿಜವೇ ಎಂದು ಕೇಳುತ್ತಾರೆ.

ನಿಜ. ಆದರೆ ಅರ್ಧ ನಿಜ. ಉಳಿದ ಅರ್ಧವನ್ನು ತಿಳಿಯದೆ ಈ ಮಾತನ್ನು ಸಭೆಯಲ್ಲಿ ಆಡಿದರೆ ನಮಗೆ ಬಲ ಬರುವುದಿಲ್ಲ, ನಗೆಪಾಟಲಾಗುತ್ತದೆ. ಆದುದರಿಂದ ಚೀನೀ ವೈದ್ಯರು ನಮ್ಮ ಅಡಿಕೆಯನ್ನು ಹೇಗೆ ಅರಿತಿದ್ದಾರೆ, ಯಾವ ಭಾಗವನ್ನು, ಯಾವ ರೋಗಕ್ಕೆ, ಎಷ್ಟು ತೂಕದಲ್ಲಿ ಕೊಡುತ್ತಾರೆ ಎಂಬುದನ್ನು ಸದಸ್ಯ ಬಾಂಧವರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೆಸರಿನ ಕಥೆ

ಚೀನೀ ಭಾಷೆಯಲ್ಲಿ ಅಡಿಕೆಗೆ ‘ಬಿನ್‌ಲಾಂಗ್’ ಎಂದು ಹೆಸರು. ಇದು ಮಲಯ ಭಾಷೆಯ ‘ಪಿನಾಂಗ್’ ಎಂಬ ಮಾತಿನಿಂದ ಬಂದದ್ದು. ಮಲೇಷಿಯದ ಪೆನಾಂಗ್ ದ್ವೀಪಕ್ಕೂ ಅದೇ ಹೆಸರು. ಅಡಿಕೆ ಮರ ಚೀನಾದ ಬಹುಭಾಗದಲ್ಲಿ ಬೆಳೆಯುವುದಿಲ್ಲ. ಚಳಿ ಅದಕ್ಕೆ ಆಗದು. ದಕ್ಷಿಣದ ತುದಿಯಲ್ಲಿರುವ ಹೈನಾನ್ ದ್ವೀಪವೇ ಅಲ್ಲಿನ ಅಡಿಕೆಯ ಸೀಮೆ. ಆ ದ್ವೀಪದ ತೋಟಗಳಿಗೂ ನಮ್ಮಂತೆಯೇ ಹಳದಿ ಎಲೆ ರೋಗದ ಕಾಟವಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಹೀಗೆ ದಕ್ಷಿಣದಿಂದ ಬರುವ ಮದ್ದುಗಳಲ್ಲಿ ನಾಲ್ಕನ್ನು ಅವರು ಶ್ರೇಷ್ಠವೆಂದು ಎಣಿಸಿ ‘ನಾಲ್ಕು ದೊಡ್ಡ ದಕ್ಷಿಣದ ಮದ್ದುಗಳು’ ಎನ್ನುತ್ತಾರೆ. ಅವುಗಳಲ್ಲಿ ಅಡಿಕೆಯೂ ಒಂದು. ಉಳಿದ ಮೂರರಲ್ಲಿ ಎರಡು ಶುಂಠಿಯ ಕುಲಕ್ಕೆ ಸೇರಿದವು. ನಮ್ಮ ಏಲಕ್ಕಿಯ ದಾಯಾದಿಗಳು. ಸುಮಾರು 500ನೆಯ ಇಸವಿಯ ಹೊತ್ತಿಗೆ ತಾವೋ ಹೊಂಗ್‌ಜಿಂಗ್ ಎಂಬ ವೈದ್ಯ ಪಂಡಿತ ಸಂಗ್ರಹಿಸಿದ ಮದ್ದುಗಳ ಗ್ರಂಥದಲ್ಲಿ ಅಡಿಕೆಯ ಹೆಸರಿದೆ. ಸಾವಿರ ವರ್ಷಗಳ ನಂತರ, 1578ರಲ್ಲಿ, ಲೀ ಶಿಜೆನ್ ಎಂಬಾತ ಬರೆದು ಮುಗಿಸಿದ, 1,892 ಪದಾರ್ಥಗಳ ವಿವರವುಳ್ಳ ‘ಬೆನ್‌ಸಾವೋ ಗಾಂಗ್ಮು’ ಎಂಬ ಮಹಾಗ್ರಂಥದಲ್ಲಿಯೂ ಇದಕ್ಕೆ ದೊಡ್ಡ ಸ್ಥಾನವಿದೆ. ದಕ್ಷಿಣದ ಜನ ಮನೆಗೆ ಬಂದ ಅತಿಥಿಗೆ ಮೊದಲು ಅಡಿಕೆ ಕೊಡುತ್ತಾರೆ ಎಂಬ ಸಂಗತಿಯನ್ನೂ ಆತ ಹೇಳುತ್ತಾನೆ. ನಮ್ಮ ವೀಳ್ಯದ ಮರ್ಯಾದೆ ಅಲ್ಲಿಯೂ ಇತ್ತೆಂದಾಯಿತು.

ಒಂದು ಮದ್ದನ್ನು ಅವರು ಅರಿಯುವ ಬಗೆ

ಚೀನೀ ವೈದ್ಯದಲ್ಲಿ ಪ್ರತಿ ಮದ್ದಿಗೂ ಒಂದು ಜಾತಕವಿದೆ ಎನ್ನಬಹುದು. ಮೊದಲನೆಯದು ಗುಣ: ಶೀತ, ಉಷ್ಣ, ಬೆಚ್ಚಗಿನದು, ತಂಪಿನದು ಎಂದು ನಾಲ್ಕು. ಎರಡನೆಯದು ರುಚಿ: ಖಾರ, ಸಿಹಿ, ಕಹಿ, ಹುಳಿ, ಉಪ್ಪು ಎಂದು ಐದು. ಮೂರನೆಯದು, ಆ ಮದ್ದು ದೇಹದ ಯಾವ ಅಂಗದ ದಾರಿಯನ್ನು ಹಿಡಿಯುತ್ತದೆ ಎಂಬುದು. ಆಮೇಲೆ ಅದರ ಕೆಲಸ, ಅದಕ್ಕೆ ಕೊಡಬೇಕಾದ ಸಂಸ್ಕಾರ, ಜೊತೆಗಾರ ಮದ್ದುಗಳು, ತೂಕ, ಮತ್ತು ಯಾರಿಗೆ ಕೊಡಬಾರದು ಎಂಬ ಎಚ್ಚರಿಕೆ. ಇವೆಲ್ಲ ಸೇರಿದರೆ ಮಾತ್ರ ಒಂದು ಮದ್ದನ್ನು ತಿಳಿದಂತೆ. ಹೆಸರೊಂದು ಗೊತ್ತಿದ್ದರೆ ತಿಳಿದಂತಲ್ಲ.

ಅಡಿಕೆಯ ಜಾತಕ ಹೀಗಿದೆ. ರುಚಿ ಖಾರ ಮತ್ತು ಕಹಿ, ಗುಣ ಬೆಚ್ಚಗಿನದು, ಹಿಡಿಯುವ ದಾರಿ ಜಠರ ಮತ್ತು ದೊಡ್ಡ ಕರುಳು. ಕೆಲಸಗಳು ಮುಖ್ಯವಾಗಿ ನಾಲ್ಕು: ಹೊಟ್ಟೆಯ ಹುಳುಗಳನ್ನು ಕೊಲ್ಲುವುದು, ಹೊಟ್ಟೆಯಲ್ಲಿ ಕಟ್ಟಿಕೊಂಡ ಅಜೀರ್ಣ ಮತ್ತು ವಾಯುವನ್ನು ಕೆಳಗಿಳಿಸುವುದು, ಮೈಯಲ್ಲಿ ನಿಂತ ನೀರನ್ನು ಹೊರಹಾಕುವುದು, ಮಲೇರಿಯದಂತಹ ಬಿಟ್ಟು ಬಿಟ್ಟು ಬರುವ ಜ್ವರವನ್ನು ತಡೆಯುವುದು.

ಖಾರ ಎಂದರೆ ಮೆಣಸಿನ ಖಾರವೆಂದು ತಿಳಿಯಬಾರದು. ನಿಂತದ್ದನ್ನು ಚಲಿಸುವಂತೆ ಮಾಡುವ ಶಕ್ತಿಗೆ ಅವರು ಆ ಹೆಸರಿಟ್ಟಿದ್ದಾರೆ. ಕಹಿ ಎಂದರೆ ಕೆಳಗಿಳಿಸುವ ಶಕ್ತಿ. ಹೀಗೆ ನೋಡಿದರೆ, ಕಟ್ಟಿದ್ದನ್ನು ಸಡಿಲಿಸಿ ಕೆಳಕ್ಕೆ ದೂಡುವುದೇ ಅವರ ಲೆಕ್ಕದಲ್ಲಿ ಅಡಿಕೆಯ ಸ್ವಭಾವ. ಆದುದರಿಂದಲೇ ಎಚ್ಚರಿಕೆಯೂ ಇದೆ: ಜೀರ್ಣಶಕ್ತಿ ಕುಂದಿ ಮಲ ನೀರಾಗಿ ಹೋಗುವವರಿಗೆ, ನಿತ್ರಾಣರಿಗೆ ಇದನ್ನು ಕೊಡಬಾರದು, ಗರ್ಭಿಣಿಯರ ವಿಷಯದಲ್ಲಿ ಜಾಗ್ರತೆ ಬೇಕು.

ಇನ್ನೊಂದು ಸಂಗತಿ. ಅವರು ಅಡಿಕೆಯನ್ನು ಒಂಟಿಯಾಗಿ ಕೊಡುವುದು ಅಪರೂಪ. 1642ರಲ್ಲಿ ವೂ ಯೂಶಿಂಗ್ ಎಂಬ ವೈದ್ಯ ಸಾಂಕ್ರಾಮಿಕ ಜ್ವರಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಪ್ರಸಿದ್ಧ ಕಷಾಯವಿದೆ. ಅದರಲ್ಲಿ ಅಡಿಕೆಯೊಡನೆ ಇನ್ನೂ ಆರು ಮದ್ದುಗಳಿವೆ. ಒಂದು ಮದ್ದಿನ ತೀಕ್ಷ್ಣತೆಯನ್ನು ಇನ್ನೊಂದು ತಡೆದು, ಮತ್ತೊಂದು ತಂಪು ಮಾಡಿ, ಎಲ್ಲವೂ ಸೇರಿ ಕೆಲಸ ಮಾಡುತ್ತವೆ ಎಂಬುದು ಅಲ್ಲಿನ ತತ್ತ್ವ.

ಭಾಗ ಬೇರೆ, ಹೆಸರು ಬೇರೆ

ಬೆಳೆಗಾರರಿಗೆ ಹೆಚ್ಚು ಕುತೂಹಲವಾಗುವ ಭಾಗ ಇದು. ಚೀನಾದ ಸರ್ಕಾರಿ ಔಷಧ ಸಂಹಿತೆಯಲ್ಲಿ ಒಂದೇ ಅಡಿಕೆ ಕಾಯಿಯಿಂದ ಎರಡು ಬೇರೆ ಬೇರೆ ಮದ್ದುಗಳು ಹುಟ್ಟುತ್ತವೆ. ಹಣ್ಣಾದ ಕಾಯಿಯನ್ನು ಕೊಯ್ದು, ನೀರಿನಲ್ಲಿ ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆದು ಒಳಗಿನ ಬೀಜವನ್ನು ಮತ್ತೆ ಒಣಗಿಸಿದರೆ ಅದು ಬಿನ್‌ಲಾಂಗ್. ಸಿಪ್ಪೆಯನ್ನೂ ಅವರು ಎಸೆಯುವುದಿಲ್ಲ. ‘ದಾಫುಪಿ’ ಎಂಬ ಹೆಸರಿನಲ್ಲಿ ಅದು ಇನ್ನೊಂದು ಮದ್ದು. ಅದನ್ನು ಬಾವಿಗೆ, ಹೊಟ್ಟೆಯುಬ್ಬರಕ್ಕೆ ಕೊಡುತ್ತಾರೆ. ನಾವು ಗೊಬ್ಬರದ ಗುಂಡಿಗೆ ಹಾಕುವುದನ್ನು ಅವರು ತೂಗಿ ಮಾರುತ್ತಾರೆ!

ಬೀಜವನ್ನು ಹಾಗೆಯೇ ಕುಟ್ಟಿ ಕೊಡುವುದಿಲ್ಲ. ಕೆಲವು ದಿನ ನೀರಿನಲ್ಲಿ ನೆನೆಸಿ, ಮೆದುವಾದ ಮೇಲೆ ಕಾಗದದಂತೆ ತೆಳ್ಳಗೆ ಹೋಳು ಮಾಡಿ ನೆರಳಿನಲ್ಲಿ ಒಣಗಿಸುತ್ತಾರೆ. ಹೋಳಿನ ಮೇಲೆ ಕಂದು ಬಿಳಿ ಗೆರೆಗಳು ಅಮೃತಶಿಲೆಯಂತೆ ಎದ್ದು ಕಾಣಬೇಕು. ಅಡಿಕೆ ಕತ್ತರಿ ಹಿಡಿದ ಯಾರಿಗೂ ಆ ಗೆರೆಗಳು ಅಪರಿಚಿತವಲ್ಲ. ಹುಳುವಿಗಾದರೆ ಈ ಹಸಿ ಹೋಳನ್ನೇ ಕೊಡುತ್ತಾರೆ. ಅಜೀರ್ಣಕ್ಕಾದರೆ ಹೋಳನ್ನು ಬಾಣಲೆಯಲ್ಲಿ ಕರಿದಾಗುವ ತನಕ ಹುರಿದು ಕೊಡುತ್ತಾರೆ. ಹುರಿದಾಗ ಅದರ ತೀಕ್ಷ್ಣತೆ ಇಳಿಯುತ್ತದೆ. ತೂಕವೂ ಕಟ್ಟುನಿಟ್ಟು: ಸಾಧಾರಣ ಕಾಯಿಲೆಗಳಿಗೆ ದಿನಕ್ಕೆ 3ರಿಂದ 10 ಗ್ರಾಂ ಹಾಕಿ ಕುದಿಸಿದ ಕಷಾಯ, ಲಾಡಿ ಹುಳುವಿಗೆ ಮಾತ್ರ 30ರಿಂದ 60 ಗ್ರಾಂ, ಅದೂ ವೈದ್ಯರ ಕಣ್ಣೆದುರಿಗೆ.

ವಸ್ತುವಿಗಿಂತ ಸಂಸ್ಕಾರ ದೊಡ್ಡದು ಎಂಬ ಈ ಮಾತು ನಮಗೆ ಚೆನ್ನಾಗಿ ಮನಸ್ಸಿಗೆ ಬಂದದ್ದು ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದಲ್ಲಿ. ಮಲಪ್ರಭೆಯ ದಡದ ಈ ಸಂಸ್ಥೆಯನ್ನು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದರು. ಅಲ್ಲಿನ ವಿಭೂತಿ ಮಲೆನಾಡಿನ ಎಷ್ಟೋ ಮನೆಗಳ ದೇವರ ಗೂಡಿನಲ್ಲಿದೆ. ಸಂಘದ ಕೆಲವು ಸದಸ್ಯರೊಡನೆ ಅಲ್ಲಿಗೆ ಹೋದಾಗ ವಿಭೂತಿ ಮಾಡುವ ಕ್ರಮವನ್ನು ಕೇಳಿ ತಿಳಿದೆವು. ಆಕಳ ಸಗಣಿಯನ್ನು ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಿಳಿ ಬಸಿದು, ಗಟ್ಟಿಯಾದದ್ದನ್ನು ಗಟ್ಟಿಗಳಾಗಿ ಮಾಡಿ ಒಣಗಿಸಬೇಕು. ಮೊದಲಿಗೆ ಕೊಟ್ಟಿಗೆಯಲ್ಲಿದ್ದದ್ದು ಕೊನೆಗೆ ಹಣೆಗೇರುತ್ತದೆ. ನಡುವಿನ ಸಂಸ್ಕಾರವನ್ನು ಬಿಟ್ಟು, ವಿಭೂತಿ ಪವಿತ್ರವಾದ್ದರಿಂದ ಸಗಣಿಯನ್ನೇ ಹಣೆಗೆ ಬಳಿದುಕೊಳ್ಳುತ್ತೇವೆ ಎಂದು ಯಾರೂ ಹೇಳುವುದಿಲ್ಲ.

ಅಂದು ನಮ್ಮೊಡನೆ ಪ್ರಸಾದಕ್ಕೆ ಕುಳಿತಿದ್ದ ಹುನಗುಂದ ಕಡೆಯ ಹಿರಿಯರೊಬ್ಬರು, ನಾವು ಅಡಿಕೆ ಸೀಮೆಯವರೆಂದು ತಿಳಿದು, “ನಿಮ್ಮ ಅಡಕಿ ಮದ್ದೋ ವಿಷವೋ, ಬೆಳದವರು ನೀವ ಹೇಳ್ರಿ” ಎಂದು ಕೇಳಿದರು. ಬಯಲುಸೀಮೆಯ ಆ ಹಿರಿಯರು ನಮ್ಮ ಮಾಲನ್ನು ಬಾಯಿಗೆ ಹಾಕಿಕೊಳ್ಳುವವರು. ಅವರಿಗೆ ನೇರ ಉತ್ತರ ಕೊಡುವುದು ಬೆಳೆದವರ ಕರ್ತವ್ಯ. ಚೀನೀ ವೈದ್ಯರನ್ನು ಕೇಳಿದರೆ ಅವರ ಉತ್ತರ ಹೀಗಿದ್ದೀತು: ಬೇಯಿಸಿ, ನೆನೆಸಿ, ಹೋಳು ಮಾಡಿ, ಅಳೆದು, ಕೆಲವು ದಿನ ಕುಡಿದರೆ ಮದ್ದು. ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದನ್ನು ಅವರ ಔಷಧ ಸಂಹಿತೆ ಎಲ್ಲಿಯೂ ಹೇಳಿಲ್ಲ.

ಹುಳು ಬೀಳುವುದು ಹೇಗೆ?

ಅಡಿಕೆಯ ಹುಳುನಾಶಕ ಗುಣ ಬರಿಯ ನಂಬಿಕೆಯಲ್ಲ. ವಿಜ್ಞಾನವೂ ಒಪ್ಪಿದ ಸಂಗತಿ. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಅಡಿಕೆಯಿಂದ ಅರೆಕೋಲಿನ್ ಎಂಬ ಕ್ಷಾರಸತ್ವವನ್ನು ಬೇರ್ಪಡಿಸಿದ. ಲಾಡಿ ಹುಳು ತನ್ನ ತಲೆಯಿಂದ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದಿರುತ್ತದೆ. ಅರೆಕೋಲಿನ್ ಅದರ ತಲೆ ಮತ್ತು ಮುಂಭಾಗವನ್ನು ಜಡಗೊಳಿಸುತ್ತದೆ, ಹಿಡಿತ ತಪ್ಪುತ್ತದೆ. ಅದೇ ಹೊತ್ತಿಗೆ ಮನುಷ್ಯನ ಕರುಳಿನ ಚಲನೆಯನ್ನೂ ಹೆಚ್ಚಿಸುವುದರಿಂದ ಹುಳು ಹೊರಬೀಳುತ್ತದೆ. ಚೀನೀಯರು ಇದರ ಜೊತೆಗೆ ಕುಂಬಳ ಬೀಜವನ್ನು ಕೊಡುತ್ತಾರೆ. ಕುಂಬಳ ಬೀಜ ಹುಳುವಿನ ನಡು ಮತ್ತು ಹಿಂಭಾಗವನ್ನು ಜಡಗೊಳಿಸುತ್ತದೆ. ಎರಡೂ ಸೇರಿದಾಗ ಹುಳುವಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸಿಚುವಾನ್ ಪ್ರಾಂತದ ಹಳ್ಳಿಗಳಲ್ಲಿ ಈ ಜೋಡಿ ಮದ್ದನ್ನು ಪ್ರಯೋಗಿಸಿದ ವರದಿ 2012ರಲ್ಲಿಯೂ ಪ್ರಕಟವಾಗಿದೆ. ನ್ಯೂಜಿಲೆಂಡ್ ದೇಶದಲ್ಲಿ ಕುರಿ ಕಾಯುವ ನಾಯಿಗಳಿಗೆ ಲಾಡಿ ಹುಳು ಬೀಳಿಸಲು ಬಹುಕಾಲ ಅರೆಕೋಲಿನ್ ಕೊಡುತ್ತಿದ್ದರು.

ಆದರೆ ಹುಳುವನ್ನು ಜಡಗೊಳಿಸುವ ವಸ್ತು ಮನುಷ್ಯನನ್ನು ಬಿಟ್ಟೀತೆ? ಹೊಸ ಅಡಿಕೆ ತಿಂದು ‘ಸೊಕ್ಕಿದ’ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಕಿವಿ ಬಿಸಿಯಾಗುವುದು, ಬೆವರುವುದು, ಬಾಯಲ್ಲಿ ನೀರೂರುವುದು, ತಲೆ ತಿರುಗುವುದು, ಇವೆಲ್ಲ ಅರೆಕೋಲಿನ್ನಿನ ಕೆಲಸ. ಹೆಚ್ಚಾದರೆ ವಾಂತಿಯಾಗಿ ನಾಡಿ ನಿಧಾನವಾಗುತ್ತದೆ. ಉಬ್ಬಸದವರಿಗೆ ಉಸಿರು ಕಟ್ಟಬಹುದು. ಆದ ಕಾರಣ ಈ ಲೇಖನವನ್ನು ಓದಿ ಯಾರೂ ಮನೆಯಲ್ಲಿ ಅರವತ್ತು ಗ್ರಾಂ ಅಡಿಕೆ ಕುದಿಸಿ ಮಕ್ಕಳಿಗೆ ಕುಡಿಸಬಾರದು, ನಾಯಿಗೂ ಹಾಕಬಾರದು. ಇಂದು ಹುಳುವಿಗೆ ಇದಕ್ಕಿಂತ ಸುರಕ್ಷಿತವಾದ ಮಾತ್ರೆಗಳು ಆರೋಗ್ಯ ಕೇಂದ್ರದಲ್ಲಿ, ಪಶುವೈದ್ಯ ಶಾಲೆಯಲ್ಲಿ ಸಿಗುತ್ತವೆ.

ನಮ್ಮ ವೈದ್ಯರ ಮಾತು

ನಮ್ಮ ಆಯುರ್ವೇದವೂ ಅಡಿಕೆಯನ್ನು ಬಿಟ್ಟಿಲ್ಲ. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ದಲ್ಲಿ ಪೂಗ ಎಂಬ ಹೆಸರಿನಲ್ಲಿ ಇದರ ಗುಣಗಳನ್ನು ಹೇಳಿದೆ: ಒಗರು ರುಚಿ, ಜೀರ್ಣಕ್ಕೆ ಭಾರ, ರೂಕ್ಷ, ಕಫಪಿತ್ತಗಳನ್ನು ಶಮನ ಮಾಡುವುದು, ಹಸಿವೆ ರುಚಿಗಳನ್ನು ಹೆಚ್ಚಿಸುವುದು, ಬಾಯಿಯ ಅರುಚಿಯನ್ನು ಕಳೆಯುವುದು. ಚೀನೀಯರು ಬೆಚ್ಚಗಿನದು ಎಂದರೆ ನಮ್ಮವರು ಶೀತ ಎಂದರು. ಒಂದೇ ವಸ್ತುವನ್ನು ಎರಡು ಶಾಸ್ತ್ರಗಳು ಎರಡು ಬಗೆಯಾಗಿ ಅಳೆದಿವೆ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಪ್ಪುತ್ತಾರೆ. ಹಸಿ ಅಡಿಕೆ ಅಗ್ನಿಯನ್ನೂ ದೃಷ್ಟಿಯನ್ನೂ ಕೆಡಿಸುವುದು, ಬೇಯಿಸಿದ್ದೇ ಉತ್ತಮ ಎಂಬುದು ನಮ್ಮ ಗ್ರಂಥದ ಅಭಿಪ್ರಾಯ. ಮೋಹವನ್ನು, ಅಂದರೆ ಅಮಲನ್ನು ಉಂಟುಮಾಡುವ ಗುಣ ಇದಕ್ಕಿದೆ ಎಂದೂ ಅದು ಮುಚ್ಚುಮರೆಯಿಲ್ಲದೆ ಹೇಳಿದೆ. ಮಲೆನಾಡಿನಲ್ಲಿ ಕಾಯಿ ಸುಲಿದು ಚೊಗರಿನಲ್ಲಿ ಬೇಯಿಸುವ ಪದ್ಧತಿಯಲ್ಲಿಯೂ ನೀರಿಗೆ ಇಳಿಯುವ ಸತ್ವಗಳು ಒಂದಿಷ್ಟು ಇಳಿಯುತ್ತವೆ. ಆದರೆ ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ಕ್ಯಾನ್ಸರಿನ ಪ್ರಶ್ನೆ

ಈಗ ಕಹಿ ಭಾಗಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕು ಇಲ್ಲದೆ ಬರಿಯ ಅಡಿಕೆಗೂ ಈ ಮಾತು ಅನ್ವಯಿಸುತ್ತದೆ. ಅದೇ ಸಂಸ್ಥೆಯ ತಜ್ಞರ ಅಂದಾಜಿನಂತೆ, 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು 1,20,000ಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯ ಬಳಕೆ ಕಾರಣ. ಅವುಗಳಲ್ಲಿ 83,000ಕ್ಕೂ ಹೆಚ್ಚು ನಮ್ಮ ದೇಶದವು.

“ಇದೆಲ್ಲ ನಮ್ಮ ಬೆಳೆಯ ವಿರುದ್ಧ ಪಿತೂರಿ” ಎನ್ನುವವರು ಉಂಟು. ಅವರಿಗೆ ನಮ್ಮ ಇನ್ನೊಂದು ಬೆಳೆಯ ಉದಾಹರಣೆಯನ್ನು ಕೊಡುತ್ತೇವೆ. ಇದೇ ಸಂಸ್ಥೆ 1991ರಲ್ಲಿ ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂಬ ಸಂಶಯವನ್ನು ದಾಖಲಿಸಿತ್ತು. 2016ರಲ್ಲಿ ಹೊಸ ಸಾಕ್ಷ್ಯಗಳನ್ನು ಪರಿಶೀಲಿಸಿ ಆ ಸಂಶಯವನ್ನು ಕೈಬಿಟ್ಟಿತು. ಅತಿ ಬಿಸಿಯಾಗಿ ಯಾವ ಪಾನೀಯವನ್ನೂ ಕುಡಿಯಬೇಡಿ ಎಂದಷ್ಟೇ ಹೇಳಿತು. ಕಾಫಿಯ ವಿಷಯದಲ್ಲಿ ಅವರ ಮಾತನ್ನು ಸಂತೋಷದಿಂದ ಒಪ್ಪಿದ ನಾವು ಅಡಿಕೆಯ ವಿಷಯದಲ್ಲಿ ಅವರು ದ್ವೇಷಿಗಳೆಂದು ಹೇಳುವುದು ನ್ಯಾಯವಲ್ಲ. ತಕ್ಕಡಿ ಒಂದೇ, ಮಾಲು ಬೇರೆ.

ಮದ್ದು ಎಂದು ಬಳಸುವ ಚೀನಾದಲ್ಲಿಯೇ ಏನಾಯಿತೆಂಬುದನ್ನು ನೋಡಬೇಕು. ಹುನಾನ್ ಪ್ರಾಂತದ ಜನ ಎಳೆ ಅಡಿಕೆಯನ್ನು ಸಿಪ್ಪೆ ಸಮೇತ ಹೊಗೆಯಲ್ಲಿ ಒಣಗಿಸಿ, ಸಿಹಿ ರಸ ಸವರಿ ಜಗಿಯುತ್ತಾರೆ. ಅಲ್ಲಿ ಬಾಯಿ ತೆರೆಯಲಾಗದ ರೋಗ, ಬಾಯಿ ಕ್ಯಾನ್ಸರು ಹೆಚ್ಚಿದವು. ಶಿಯಾಮೆನ್ ನಗರ 1996ರಲ್ಲಿಯೇ ಜಗಿಯುವ ಅಡಿಕೆಯನ್ನು ನಿಷೇಧಿಸಿತ್ತು. 2020ರಲ್ಲಿ ಸರ್ಕಾರದ ಆಹಾರ ಪದಾರ್ಥಗಳ ಪರವಾನಗಿ ಪಟ್ಟಿಯಲ್ಲಿ ಅಡಿಕೆಗೆ ಸ್ಥಾನ ಸಿಗಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ರೇಡಿಯೋ, ಟೆಲಿವಿಷನ್‌ಗಳಲ್ಲಿ ಅದರ ಜಾಹೀರಾತನ್ನು ನಿಲ್ಲಿಸಿದರು. 2022ರಲ್ಲಿ 36 ವರ್ಷದ ಗಾಯಕರೊಬ್ಬರು ಬಾಯಿ ಕ್ಯಾನ್ಸರಿನಿಂದ ತೀರಿಕೊಂಡಾಗ ದೇಶವೇ ಈ ವಿಷಯವನ್ನು ಚರ್ಚಿಸಿತು. ಇಷ್ಟಾದರೂ ಔಷಧ ಸಂಹಿತೆಯಿಂದ ಅಡಿಕೆಯನ್ನು ಕಿತ್ತುಹಾಕಲಿಲ್ಲ. ಮದ್ದಿನಂಗಡಿಯ ಅಡಿಕೆ ಬೇರೆ, ಬೀದಿಯಂಗಡಿಯ ಅಡಿಕೆ ಬೇರೆ ಎಂದು ಅವರು ಗೆರೆ ಎಳೆದರು. ಚೀನಾದ ಹೆಸರನ್ನು ಹೇಳುವವರು ಈ ಗೆರೆಯನ್ನೂ ಹೇಳಬೇಕು.

ಬೆಳೆಗಾರರಿಗೆ ಇದರಿಂದ ಏನು?

ನಾವು ಅಡಿಕೆ ಬೆಳೆದು ಬದುಕುವವರು. ಮಕ್ಕಳ ಓದು, ಮದುವೆ, ಸಂಘದ ಸಾಲದ ಕಂತು ಎಲ್ಲವೂ ಆ ಗೊನೆಯಿಂದಲೇ. ದೇಶದ ಅಡಿಕೆಯಲ್ಲಿ ಅತಿ ಹೆಚ್ಚಿನ ಪಾಲು ನಮ್ಮ ಕರ್ನಾಟಕದ್ದು. ಮರಗಳನ್ನು ಕಡಿಯಿರಿ ಎಂದು ನಾವು ಹೇಳುತ್ತಿಲ್ಲ. ಆದರೆ ಕೆಲವು ಸಂಗತಿಗಳನ್ನು ಸದಸ್ಯರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ.

ಒಂದು: ಔಷಧಿಯ ಮಾರುಕಟ್ಟೆ ನಮ್ಮ ಮಾಲನ್ನೆಲ್ಲ ಎತ್ತಿಕೊಳ್ಳುತ್ತದೆ ಎಂಬ ಭ್ರಮೆ ಬೇಡ. ಮದ್ದು ಗ್ರಾಂ ಲೆಕ್ಕದಲ್ಲಿ ಹೋಗುತ್ತದೆ. ನಮ್ಮ ಬೆಳೆ ಕ್ವಿಂಟಲ್ ಲೆಕ್ಕದಲ್ಲಿ ಬರುತ್ತದೆ. ಚೀನಾಕ್ಕೆ ಔಷಧಿಯ ಅಡಿಕೆ ಕಳುಹಿಸುತ್ತೇವೆಂದು ಮುಂಗಡ ಹಣ ಕೇಳಿಕೊಂಡು ಬರುವವರ ಕಾಗದಪತ್ರಗಳನ್ನು ಸಂಘಕ್ಕೆ ತೋರಿಸದೆ ಸಹಿ ಹಾಕಬೇಡಿ.

ಎರಡು: ಒಂದೇ ಬೆಳೆಯನ್ನು ನೆಚ್ಚಬೇಡಿ. ಹೊಸದಾಗಿ ಗದ್ದೆ ಬಯಲುಗಳಿಗೆ ಅಡಿಕೆ ಹಾಕುವ ಮೊದಲು ಎರಡು ಸಲ ಯೋಚಿಸಿ. ಇರುವ ತೋಟದಲ್ಲಿ ಕಾಳುಮೆಣಸು, ಏಲಕ್ಕಿ, ಬಾಳೆ, ಜಾಯಿಕಾಯಿ, ಅನುಕೂಲವಿದ್ದಲ್ಲಿ ಕಾಫಿ ಸೇರಿಸಿ. ಹಾಳೆ ತಟ್ಟೆಯ ಉದ್ಯಮವನ್ನು ನಂಬಿದವರೂ ಎಚ್ಚರದಿಂದಿರಬೇಕು. ಅಡಿಕೆಯ ಸತ್ವಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಆಕ್ಷೇಪ ಎತ್ತಿದೆ.

ಮೂರು: ಮಕ್ಕಳ ಕೈಗೆ ಸುವಾಸನೆಯ ಅಡಿಕೆ ಪೊಟ್ಟಣ ಸಿಗದಂತೆ ನೋಡಿ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧವಾಗಿದೆ. ಅಡಿಕೆ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕೊಂಡು ಬೆರೆಸಿ ತಿಂದರೆ ಅದೂ ಗುಟ್ಕಾವೇ. ತಾಂಬೂಲದ ಮೊದಲ ರಸ ಉಗುಳಿಬಿಟ್ಟರೆ ದೋಷವಿಲ್ಲ ಎಂಬ ಹಿರಿಯರ ಮಾತನ್ನು ನಂಬಿ ಕ್ಯಾನ್ಸರಿನ ಅಪಾಯ ತಪ್ಪಿತೆಂದು ತಿಳಿಯಬೇಡಿ.

ನಾಲ್ಕು: ಕೊಯ್ಲಿನ ಕಾಲದಲ್ಲಿ ಸುಲಿಯಲು ಬರುವವರು ನಿದ್ದೆ ತಡೆಯಲು ರಾತ್ರಿಯಿಡೀ ಅಡಿಕೆ ಜಗಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಬಿಸಿ ಕಾಫಿ, ಅವಲಕ್ಕಿ ಕೊಡಿ. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುವುದು, ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯೊಳಗೆ ಇಡಲು ಆಗದಿರುವುದು, ವಾಸಿಯಾಗದ ಹುಣ್ಣು, ಇವುಗಳಲ್ಲಿ ಯಾವುದೇ ಕಂಡರೂ ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಜಗಿಯುವುದನ್ನು ಬಿಟ್ಟರೆ ಬಾಯಿ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ ಎಂಬುದು ಈಗ ಖಚಿತವಾಗಿದೆ; ಬಿಡಲು ಯಾವ ವಯಸ್ಸೂ ತಡವಲ್ಲ.

ಕೊನೆಯದಾಗಿ ಒಂದು ಮಾತು. ಅಡಿಕೆಯಲ್ಲಿ ಔಷಧಿಯ ಗುಣವಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹಕ್ಕು ನಮಗಿದೆ. ಆದರೆ ಅದನ್ನು ಹೇಳುವಾಗ ಚೀನೀ ವೈದ್ಯನಂತೆ ಪೂರ್ತಿ ಹೇಳೋಣ: ಯಾವ ಭಾಗ, ಯಾವ ಸಂಸ್ಕಾರ, ಎಷ್ಟು ತೂಕ, ಎಷ್ಟು ದಿನ, ಯಾರಿಗೆ ಬೇಡ. ಹಾಗೆ ಹೇಳಿದರೆ ಮಾರುಕಟ್ಟೆಯಲ್ಲಿ ನಮ್ಮ ಮಾತಿಗೆ ಬೆಲೆ ಬರುತ್ತದೆ, ಸರ್ಕಾರದ ಮುಂದೆ ಬೆಂಬಲ ಕೇಳಲು ಮುಖವೂ ಇರುತ್ತದೆ. ಈ ವಿಷಯದಲ್ಲಿ ಸದಸ್ಯರು ತಮ್ಮ ಅನುಭವ, ಸಂದೇಹಗಳನ್ನು ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.